ಒದಗುವ ಅಕ್ಕಿ, ಒದಗಿಸುವ ಕೈ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಅಕ್ಷರರೂಪ. ಆ ಹೊತ್ತಿಗೆ ಲೋಕಲ್ ರೈಲಿನಲ್ಲಿ ಸಿಕ್ಕಿಕೊಂಡಿದ್ದವರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



ಇವತ್ತಿನ ಮಾತು ಒಂದು ಕ್ರಿಯಾಪದದ ಬಗ್ಗೆ. ವ್ಯಾಕರಣದ ಪಾಠ ಎಂದು ರೇಡಿಯೋ ಆರಿಸಿಬಿಡಬೇಡಿ. ಇದು ನಿಮ್ಮ ಅಡುಗೆಮನೆಯಲ್ಲೇ ಹುಟ್ಟಿದ ಪ್ರಶ್ನೆ.

ಡೊಂಬಿವಿಲಿಯ ಕೇಳುಗರೊಬ್ಬರು ಕಾಗದ ಬರೆದಿದ್ದಾರೆ. ಅವರು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ. ಅತ್ತೆಯವರು ತಿಪಟೂರಿನ ಕಡೆಯವರು, ಕೆಲವು ದಿನ ಇದ್ದು ಹೋಗಲು ಬಂದಿದ್ದರು. ಡಬ್ಬಿಯಿಂದ ಒಂದು ಹಿಡಿ ಅಕ್ಕಿ ತೆಗೆದು, ಅಂಗೈಯಲ್ಲಿ ಆಡಿಸಿ ನೋಡಿ, "ಈ ಅಕ್ಕಿ ಒದಗಲ್ಲ ಕಣಮ್ಮ" ಎಂದರಂತೆ. ಸೊಸೆ, "ಇಲ್ಲ ಅತ್ತೆ, ಫೋನ್ ಮಾಡಿದರೆ ಅಂಗಡಿಯವನು ಮನೆಗೇ ಕಳಿಸುತ್ತಾನೆ" ಎಂದರಂತೆ. ಅತ್ತೆ ನಕ್ಕರು. ಯಾಕೆ ನಕ್ಕರು ಎಂದು ಸೊಸೆಗೆ ತಿಳಿಯಲಿಲ್ಲ. "ಒದಗು ಅಂದರೆ ಸಪ್ಲೈ ಆಗುವುದು ತಾನೇ? ನಾನು ಹೇಳಿದ್ದರಲ್ಲಿ ತಪ್ಪೇನಿದೆ?" ಇದು ಅವರ ಪ್ರಶ್ನೆ.

ತಪ್ಪೇನೂ ಇಲ್ಲ. ಸೊಸೆ ಹೇಳಿದ್ದೂ ಕನ್ನಡ, ಅತ್ತೆ ಹೇಳಿದ್ದೂ ಕನ್ನಡ. ಸೊಸೆಗೆ ಆ ಪದ ಸಿಕ್ಕಿದ್ದು ವಾರ್ತೆಯಿಂದ, ಪತ್ರಿಕೆಯಿಂದ, ಸರ್ಕಾರಿ ಪ್ರಕಟಣೆಯಿಂದ. "ಸಂತ್ರಸ್ತರಿಗೆ ನೆರವು ಒದಗಿಸಲಾಗಿದೆ", "ಗ್ರಾಮಕ್ಕೆ ಕುಡಿಯುವ ನೀರು ಒದಗಿಸಲಾಗುವುದು". ನಾವು ಉದ್ಘೋಷಕರು ಇಂಥ ವಾಕ್ಯಗಳನ್ನು ದಿನಕ್ಕೆ ಹತ್ತು ಸಲ ಓದುತ್ತೇವೆ. ಅತ್ತೆಗೆ ಅದೇ ಪದ ಸಿಕ್ಕಿದ್ದು ಒಲೆಯ ಮುಂದೆ. ಅಲ್ಲಿ ಅದರ ಅರ್ಥ ಬೇರೆ. ಒಂದು ಪಾವು ಅಕ್ಕಿ ಬೆಂದಾಗ ಅರಳಿ, ಹಿಗ್ಗಿ, ಪಾತ್ರೆ ತುಂಬಿ, ನಾಲ್ಕು ಜನರಿಗೆ ಸಾಲುವಂತಾದರೆ ಆ ಅಕ್ಕಿ ಒದಗಿತು. ಅಷ್ಟೇ ಅಕ್ಕಿ ಬೆಂದು ಮುದ್ದೆಯಾಗಿ ತಳದಲ್ಲೇ ಕುಳಿತುಬಿಟ್ಟರೆ ಅದು ಒದಗಲಿಲ್ಲ. ಇರುವ ವಸ್ತು ಹೆಚ್ಚು ಜನಕ್ಕೆ, ಹೆಚ್ಚು ದಿನಕ್ಕೆ ಬರುವಂತೆ ಮಾಡುವುದು ಒದಗಿಸುವುದು.

ಈ ಪದದ ಬೇರು ಎಲ್ಲಿದೆ ನೋಡೋಣ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟಿನಲ್ಲಿ 'ಒದಗು' ಎಂಬುದಕ್ಕೆ ಕೈಗೆ ದೊರಕು, ಸಿದ್ಧವಾಗಿರು, ಸಂಭವಿಸು ಎಂಬ ಅರ್ಥಗಳಿವೆ. ಹಳಗನ್ನಡದಲ್ಲಿ ಇದರ ಒಡಹುಟ್ಟು 'ಒದವು'. ಚೆನ್ನೈಯಲ್ಲಿರುವ ನಮ್ಮ ಬಂಧುಗಳಿಗೆ ಇನ್ನೊಬ್ಬ ನೆಂಟನ ಪರಿಚಯ ಚೆನ್ನಾಗಿಯೇ ಇದೆ. ತಮಿಳಿನ 'ಉದವು', ಅದರಿಂದ ಬಂದ 'ಉದವಿ', ಅಂದರೆ ಸಹಾಯ. ಮಲಯಾಳದಲ್ಲಿಯೂ ಇದೇ ಬೇರಿನ ಪದಕ್ಕೆ ಪ್ರಯೋಜನಕ್ಕೆ ಬರು ಎಂಬ ಅರ್ಥವಿದೆ. ಹಾಗಾದರೆ ಈ ಕುಟುಂಬದ ಪದಗಳಲ್ಲೆಲ್ಲ ಒಂದೇ ನಾಡಿ ಮಿಡಿಯುತ್ತಿದೆ: ಬೇಕಾದ ಹೊತ್ತಿಗೆ ಕೈಗೆ ಬರುವುದು. "ಆಪತ್ತಿಗಾದವನೇ ನೆಂಟ" ಎಂಬ ಗಾದೆಯನ್ನು "ಆಪತ್ತಿಗೊದಗಿದವನೇ ನೆಂಟ" ಎಂದರೂ ಅರ್ಥ ಕೆಡುವುದಿಲ್ಲ. ಒದಗುವ ಅಕ್ಕಿಯೂ ಹಾಗೆಯೇ. ಊಟದ ಹೊತ್ತಿಗೆ ಇಬ್ಬರು ಹೆಚ್ಚಿಗೆ ಬಂದರೆ ಮಾನ ಉಳಿಸುವ ಅಕ್ಕಿ ಅದು.

ಈಗ ಕೆಲವರು ಕೇಳಬಹುದು, 'ಉಳಿಸು' ಎಂಬ ಪದ ಇದೆಯಲ್ಲ, ಅದು ಸಾಲದೇ? ಸಾಲದು. ಕನ್ನಡದಲ್ಲಿ ಈ ಓಣಿಯಲ್ಲಿ ಹಲವು ಮನೆಗಳಿವೆ, ಒಂದೊಂದು ಮನೆಯ ಬಾಗಿಲು ಒಂದೊಂದು ದಿಕ್ಕಿಗೆ. ಉಳಿಸುವುದೆಂದರೆ ಬಳಸದೆ ತೆಗೆದಿಡುವುದು. ಬಟ್ಟೆ, ಚಪ್ಪಲಿ, ಪಾತ್ರೆ ಇವು ಬಾಳಿಕೆ ಬರುತ್ತವೆ. ಹಣ್ಣು, ಕಾಯಿ, ಬುತ್ತಿ ಇವು ಇಷ್ಟು ದಿನ ತಾಳುತ್ತವೆ. ಸಂಸಾರವನ್ನು ತೂಗಿಸುತ್ತೇವೆ, ಖರ್ಚನ್ನು ಸರಿದೂಗಿಸುತ್ತೇವೆ. ಅಡುಗೆ ಅನಿಲದ ಸಿಲಿಂಡರಿಗೆ ನಾವು ಹೇಳುವುದು 'ಬರುತ್ತದೆ' ಎಂದು: "ನಮ್ಮನೇಲಿ ಒಂದು ಸಿಲಿಂಡರ್ ನಲವತ್ತು ದಿನ ಬರುತ್ತೆ." ಇವೆಲ್ಲವುಗಳ ನಡುವೆ ಒದಗು ಎಂಬುದಕ್ಕೆ ತನ್ನದೇ ಜಾಗ. ವಸ್ತುವನ್ನು ಬಳಸುತ್ತಲೇ, ತಿನ್ನುತ್ತಲೇ, ಬಡಿಸುತ್ತಲೇ ಅದು ಹೆಚ್ಚು ದೂರ ಹೋಗುವಂತೆ ಆಗಬೇಕು. ಬಳಸದೆ ಇಟ್ಟ ಅಕ್ಕಿ ಉಳಿಯುತ್ತದೆ, ಒದಗುವುದಿಲ್ಲ.

ವಾಕ್ಯದಲ್ಲಿ ಬಳಸುವ ಕ್ರಮ ಸುಲಭ. ವಸ್ತು ತಾನೇ ಮಾಡುವ ಕೆಲಸಕ್ಕೆ ಒದಗು: "ಹಳೇ ಅಕ್ಕಿ ಚೆನ್ನಾಗಿ ಒದಗುತ್ತೆ", "ಹಿಟ್ಟು ಹತ್ತು ಜನಕ್ಕೆ ಒದಗಿತು". ಮನುಷ್ಯರು ಮಾಡುವ ಕೆಲಸಕ್ಕೆ ಒದಗಿಸು: "ಇದ್ದ ಬೇಳೆಯಲ್ಲೇ ಎಲ್ಲರಿಗೂ ಒದಗಿಸಿದಳು." ಬರುವುದು ಒಳ್ಳೆಯದೇ ಆಗಬೇಕೆಂದೂ ಇಲ್ಲ. ಅದೃಷ್ಟ ಒದಗಿ ಬರುತ್ತದೆ, ವಿಪತ್ತೂ ಒದಗುತ್ತದೆ.

ಅತ್ತೆಯವರ ಮಾತಿಗೆ ಬರೋಣ. ಅಂಗೈಯಲ್ಲಿ ನೋಡಿ ಒದಗಲ್ಲ ಎಂದು ಹೇಗೆ ಹೇಳಿದರು? ಅದರಲ್ಲಿ ಮಂತ್ರವಿಲ್ಲ, ಅನುಭವವಿದೆ. ಹೊಸ ಅಕ್ಕಿ ಬೇಯುವಾಗ ಗಂಜಿಯನ್ನು ಬೇಗ ನೀರಿಗೆ ಬಿಡುತ್ತದೆ, ಅನ್ನ ಅಂಟಿಕೊಳ್ಳುತ್ತದೆ. ಕೊಯ್ಲಾದ ಮೇಲೆ ತಿಂಗಳುಗಟ್ಟಲೆ ಇಟ್ಟ ಅಕ್ಕಿಯಲ್ಲಿ ಕಾಳಿನೊಳಗಿನ ಪ್ರೋಟೀನು, ಕೊಬ್ಬು ನಿಧಾನವಾಗಿ ಬದಲಾಗುತ್ತವೆ. ಕಾಳು ಗಟ್ಟಿಯಾಗುತ್ತದೆ. ಅದು ಒಡೆಯದೆ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಹಿಗ್ಗುತ್ತದೆ. ಸಾಧಾರಣವಾಗಿ ಒಂದು ಲೋಟ ಅಕ್ಕಿಗೆ ಮೂರು ಲೋಟದಷ್ಟು ಅನ್ನವಾಗುತ್ತದೆ ಎಂದು ಲೆಕ್ಕ. ಹಳೆಯದಾದರೆ ಇನ್ನೂ ಸ್ವಲ್ಪ ಮೇಲೆ, ಹೊಸದಾದರೆ ಕೆಳಗೆ. ಅದಕ್ಕೇ ಅಂಗಡಿಗೆ ಹೋದ ಹಿರಿಯರು ಮೊದಲು ಕೇಳುವ ಪ್ರಶ್ನೆ, "ಹಳೇದಾ, ಹೊಸದಾ?"

ತಳಿಯ ಮಾತೂ ಇದೆ. ಪುಣೆಯ ಬಂಧುಗಳು ಇಂದ್ರಾಯಣಿ ಅಕ್ಕಿಯ ಪರಿಮಳ ಬಲ್ಲರು. ಅದರ ಅನ್ನ ಮೆತ್ತಗೆ, ಸ್ವಲ್ಪ ಅಂಟು. ರುಚಿಗೆ ಎತ್ತಿದ ಕೈ, ಆದರೆ ಸೋನಾ ಮಸೂರಿ ತಿಂದು ಬೆಳೆದವರ ಕಣ್ಣಿಗೆ ಅದು ಒದಗಲಿಲ್ಲ ಎಂದೇ ಕಾಣುತ್ತದೆ. ದೆಹಲಿಯವರ ಹಳೆಯ ಬಾಸುಮತಿ ಬೆಂದಾಗ ಉದ್ದಕ್ಕೆ ಬೆಳೆಯುತ್ತದೆ. ಚೆನ್ನೈಯ ಪೊನ್ನಿ, ಹೈದರಾಬಾದಿನ ಸೋನಾ ಮಸೂರಿ, ಮುಂಬಯಿಯ ಕೋಲಂ, ಒಂದೊಂದರದು ಒಂದೊಂದು ಲೆಕ್ಕ. ಊರು ಬಿಟ್ಟು ಬಂದವರು ಹೊಸ ಊರಿನ ಅಕ್ಕಿಯ ಒದಗು ಕಲಿಯಲು ಒಂದೆರಡು ತಿಂಗಳು ಬೇಕು. ಅಷ್ಟರಲ್ಲಿ ಒಂದು ದಿನ ಅನ್ನ ಮಿಕ್ಕು ಚಿತ್ರಾನ್ನವಾಗುತ್ತದೆ, ಇನ್ನೊಂದು ದಿನ ಸಾಲದೆ ಬ್ರೆಡ್ಡು ತರಬೇಕಾಗುತ್ತದೆ.

ಉದ್ದಿನಬೇಳೆಯ ಕಥೆ ಇನ್ನೂ ಸ್ವಾರಸ್ಯ. ರುಬ್ಬುವ ಕಲ್ಲಿನಲ್ಲಿ ಸ್ವಲ್ಪ ಸ್ವಲ್ಪವೇ ತಣ್ಣೀರು ಚಿಮುಕಿಸಿ ರುಬ್ಬಿದರೆ ಹಿಟ್ಟು ಬೆಣ್ಣೆಯಂತೆ ಉಬ್ಬಿ ಒರಳಿನ ತುಂಬ ಬರುತ್ತದೆ. ಉದ್ದಿನಲ್ಲಿರುವ ಅಂಟು ಮತ್ತು ಪ್ರೋಟೀನು ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಅದೇ ಬೇಳೆಯನ್ನು ಮಿಕ್ಸಿಯಲ್ಲಿ ಬಿಸಿಯಾಗುವಷ್ಟು ತಿರುಗಿಸಿದರೆ ಅಷ್ಟು ಉಬ್ಬುವುದಿಲ್ಲ. ಬೇಳೆ ಅದೇ, ತೂಕ ಅದೇ, ಒದಗಿದ್ದು ಮಾತ್ರ ಬೇರೆ. ಮಾಟುಂಗದ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಈ ವಿದ್ಯೆ ಬಲ್ಲವರಿಗೆ ಮರ್ಯಾದೆ ಇತ್ತು. ಹಗಲಲ್ಲಿ ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗರು ಈ ನಗರದಲ್ಲಿ ಇದ್ದರು. ಅವರು ಅಕ್ಷರ ಕಲಿತದ್ದು ಶಾಲೆಯಲ್ಲಿ, ಒದಗಿಸುವುದನ್ನು ಕಲಿತದ್ದು ರುಬ್ಬುವ ಕಲ್ಲಿನ ಹತ್ತಿರ.

ಇನ್ನು ಬಸ್ಸಾರು. ಹಳೇ ಮೈಸೂರಿನವರಿಗೆ ವಿವರಿಸಬೇಕಾಗಿಲ್ಲ, ಇತರರಿಗಾಗಿ ಹೇಳುತ್ತೇನೆ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿಯುತ್ತಾರೆ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿ, ಎರಡು ಪದಾರ್ಥ. ಒಬ್ಬಟ್ಟಿನ ದಿನ ಬೇಳೆ ಬೇಯಿಸಿದ ಕಟ್ಟಿನಿಂದ ಸಾರು ಮಾಡುವುದೂ ಇದೇ ಜಾಣತನ. ಹೀರೇಕಾಯಿ ಪಲ್ಯಕ್ಕೆ, ಅದರ ಸಿಪ್ಪೆ ಚಟ್ನಿಗೆ. ಇಲ್ಲಿ ಯಾರ ಪಾಲೂ ಕಡಿಮೆಯಾಗಲಿಲ್ಲ, ರುಚಿಯೂ ಕೆಡಲಿಲ್ಲ, ವಸ್ತು ಮಾತ್ರ ಹೆಚ್ಚು ದೂರ ಹೋಯಿತು. ಒದಗಿಸುವುದು ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಮಹಾರಾಷ್ಟ್ರದಲ್ಲಿರುವ ನಮಗೆ ಒಂದು ಮೋಜಿನ ಸಂಗತಿ ಪಕ್ಕದ ಮನೆಯಲ್ಲೇ ಕೇಳಸಿಗುತ್ತದೆ. ಮರಾಠಿಯ 'ಪುರವಣೆ' ಎಂಬ ಕ್ರಿಯಾಪದವನ್ನು ಗಮನಿಸಿ. ನಗರಪಾಲಿಕೆ ಮಾಡುವುದು ನೀರಿನ 'ಪುರವಠಾ', ಅಂದರೆ ಸರಬರಾಜು. ಅದೇ ನೀರಿನ ಬಗ್ಗೆ ಪಕ್ಕದ ಮನೆಯ ಆಜಿ ಮೊಮ್ಮಗಳಿಗೆ ಹೇಳುವುದು "ಪುರವೂನ್ ವಾಪರ್" ಎಂದು. ಸಂಜೆಯವರೆಗೆ ಬರುವಂತೆ ನೋಡಿಕೊಂಡು ಬಳಸು ಎಂದರ್ಥ. ನೋಡಿ, ಅಲ್ಲೂ ಒಂದೇ ಕ್ರಿಯಾಪದಕ್ಕೆ ಎರಡು ಮುಖ, ಕೊಡುವವನದೊಂದು, ಬಳಸುವವಳದೊಂದು. ಗೊತ್ತಾದ ಹೊತ್ತಿಗೆ ಮಾತ್ರ ನೀರು ಬರುವ ಈ ನಗರದಲ್ಲಿ, ಡ್ರಮ್ಮು, ಬಕೆಟ್ಟು, ಬಿಂದಿಗೆ ತುಂಬಿಟ್ಟುಕೊಳ್ಳುವ ಮನೆಗಳಲ್ಲಿ, ಎರಡೂ ಅರ್ಥ ದಿನವೂ ಮುಖಾಮುಖಿಯಾಗುತ್ತವೆ.

ಈ ಎರಡು ಮುಖಗಳನ್ನು ಒಟ್ಟಿಗೆ ನೋಡಬೇಕಾದರೆ ಪಡಿತರದ ಚೀಲ ನೋಡಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಮುಂಬಯಿಯಲ್ಲಿ ಪಡಿತರ ಪದ್ಧತಿ ಜಾರಿಗೆ ಬಂತು. ಆಗಿನಿಂದ ಎಷ್ಟೋ ಮನೆಗಳ ಲೆಕ್ಕಾಚಾರ ಕಾರ್ಡಿನ ಮೇಲೆ ನಿಂತಿತು. ಇಂದಿನ ಕಾಯ್ದೆ 2013ರದು, ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ಅದರಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ. ಸರ್ಕಾರ ಧಾನ್ಯ ಒದಗಿಸಿತು ಎಂದು ನಾವು ವಾರ್ತೆಯಲ್ಲಿ ಓದುತ್ತೇವೆ. ಸರಿ, ವಾಕ್ಯ ಮುಗಿಯಿತು. ಆದರೆ ಮನೆಯಲ್ಲಿ ಕೆಲಸ ಶುರುವಾಗುವುದು ಆಗ. 5 ಕಿಲೋವನ್ನು 30 ದಿನಕ್ಕೆ ಭಾಗಿಸಿ. ತಲೆಗೆ ದಿನಕ್ಕೆ 166 ಗ್ರಾಂ ಚಿಲ್ಲರೆ. ಎರಡು ಹೊತ್ತಿಗೆ ಹಂಚಿದರೆ ಹೊತ್ತಿಗೆ ಸುಮಾರು 83 ಗ್ರಾಂ, ಒಂದು ಸಣ್ಣ ಹಿಡಿ. ಸರ್ಕಾರ ಒದಗಿಸುವುದು ತಿಂಗಳಿಗೆ ಒಂದು ದಿನ. ಮನೆಯಾಕೆ ಒದಗಿಸುವುದು ಮೂವತ್ತೂ ದಿನ. ಮೊದಲನೆಯದಕ್ಕೆ ಆದೇಶವಿದೆ, ರಸೀದಿಯಿದೆ, ವಾರ್ತೆಯಲ್ಲಿ ಜಾಗವಿದೆ. ಎರಡನೆಯದು ಕೆಲಸ ಎಂದೇ ಯಾರ ಲೆಕ್ಕದಲ್ಲೂ ಬರೆದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬಂದೆ.

ನಮ್ಮ ಹಿರಿಯರನ್ನು ನೆನೆಯುವಾಗ ಒಂದು ಹೊಗಳಿಕೆ ಸಾಮಾನ್ಯ. "ಅವ್ವ ಎಷ್ಟು ಸ್ವಲ್ಪದಲ್ಲಿ ಎಷ್ಟು ಜನಕ್ಕೆ ಒದಗಿಸುತ್ತಿದ್ದಳು!" ಸಭೆಗಳಲ್ಲಿ ಕೇಳಿದ್ದೇವೆ, ನೆನಪಿನ ಲೇಖನಗಳಲ್ಲಿ ಓದಿದ್ದೇವೆ. ಮಾತು ನಿಜ. ಆದರೆ ಆಕೆ ಅದನ್ನು ಹೇಗೆ ಮಾಡುತ್ತಿದ್ದಳು ಎಂದು ಕೇಳಿದವರು ಕಡಿಮೆ. ಹಳೇ ಅಕ್ಕಿ ಆರಿಸಿ, ಉದ್ದನ್ನು ಉಬ್ಬಿಸಿ ರುಬ್ಬಿ, ಬಸಿದ ನೀರಿಗೆ ಖಾರ ಕೂಡಿಸಿ ಮಾಡಿದ್ದರೆ ಅದು ಒದಗಿಸಿದ್ದೇ ಸರಿ. ಆ ಜಾಣತನಕ್ಕೆ ಕೈ ಮುಗಿಯೋಣ. ಆದರೆ ಎಷ್ಟೋ ಮನೆಗಳಲ್ಲಿ ಒದಗಿದ್ದು ಅಕ್ಕಿಯಲ್ಲ, ಆಕೆಯ ಪಾಲು. ಎಲ್ಲರದೂ ಊಟವಾದ ಮೇಲೆ ಆಕೆ ಕೂರುತ್ತಿದ್ದಳು. ಪಾತ್ರೆಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಸೀಕಲನ್ನ ಕೆರೆದು ಮಜ್ಜಿಗೆ ಕಲಸಿಕೊಳ್ಳುವುದು. "ನನಗೆ ಹಸಿವಿಲ್ಲ" ಎಂಬ ಒಂದು ಮಾತಿನಿಂದ ಎಷ್ಟು ಅನ್ನ ಒದಗಿತು ಎಂದು ಯಾವ ಸೇರಿನಲ್ಲಿ ಅಳೆಯೋಣ?

ಕನ್ನಡ ಇದಕ್ಕೂ ಬೇರೆಯೇ ಪದ ಇಟ್ಟಿದೆ. ಹೊಟ್ಟೆ ಬಟ್ಟೆ ಕಟ್ಟುವುದು. ಹೊಟ್ಟೆ ಕಟ್ಟಿ ಮಕ್ಕಳನ್ನು ಓದಿಸಿದಳು ಎನ್ನುತ್ತೇವೆ. ಒದಗಿಸುವುದರಲ್ಲಿ ವಸ್ತು ಹಿಗ್ಗುತ್ತದೆ. ಹೊಟ್ಟೆ ಕಟ್ಟುವುದರಲ್ಲಿ ಮನುಷ್ಯರು ಕುಗ್ಗುತ್ತಾರೆ. ಹೊರಗಿನಿಂದ ನೋಡಿದರೆ ಎರಡರ ಫಲವೂ ಒಂದೇ, ಎಲ್ಲರ ಎಲೆಯೂ ತುಂಬಿದೆ. ಆದ್ದರಿಂದಲೇ ಒಂದರ ಹೆಸರನ್ನು ಇನ್ನೊಂದಕ್ಕೆ ಹಚ್ಚಿಬಿಡುವುದು ಸುಲಭ. ಹೊಟ್ಟೆ ಕಟ್ಟಿದವಳನ್ನು ಒದಗಿಸಿದವಳು ಎಂದು ಹೊಗಳಿದರೆ ಆಕೆಯ ಜಾಣತನಕ್ಕೆ ಮರ್ಯಾದೆ ಸಿಕ್ಕಿತು, ಆಕೆಯ ಹಸಿವು ಮಾತ್ರ ಮರೆಯಾಯಿತು.

ಇದು ಹಳೆಯ ಕಾಲದ ಮಾತು ಎನ್ನಬೇಡಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಕಂಡುಬಂತು. ಅದೇ ವಯಸ್ಸಿನ ಗಂಡಸರಲ್ಲಿ ಶೇಕಡಾ 25. ಇದಕ್ಕೆ ಕಾರಣಗಳು ಹಲವು, ಹೆರಿಗೆ, ಮುಟ್ಟು, ಊಟದ ಬಗೆ. ಕೊನೆಯಲ್ಲಿ ಉಣ್ಣುವ, ಕಡಿಮೆ ಉಣ್ಣುವ ಅಭ್ಯಾಸವನ್ನೂ ಆ ಸಾಲಿನಲ್ಲಿ ಸೇರಿಸಲೇಬೇಕು. ದೊಡ್ಡ ನಗರದ ದೊಡ್ಡ ಕಟ್ಟಡದಲ್ಲಿ, ಫ್ರಿಜ್ಜು ತುಂಬಿರುವ ಮನೆಯಲ್ಲೂ ಬಿಸಿ ದೋಸೆ ಎಲ್ಲರಿಗೂ ಹೋಗಿ, ತಣ್ಣಗಿನ ಕೊನೆಯ ಅರ್ಧ ದೋಸೆ ಯಾರ ತಟ್ಟೆಯಲ್ಲಿ ಉಳಿಯುತ್ತದೆ ಎಂದು ಒಮ್ಮೆ ಗಮನಿಸಿ.

ನಮ್ಮ ಮಹಾನಗರದ ಕನ್ನಡದಲ್ಲಿ ಈಗ ಎರಡಕ್ಕೂ ಸೇರಿ ಒಂದೇ ಪದ ಬಂದು ಕೂತಿದೆ: ಅಡ್ಜಸ್ಟ್. ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದರೆ ಅಡ್ಜಸ್ಟ್. ಸಂಬಳ ತಡವಾದರೆ ಅಡ್ಜಸ್ಟ್. ನೆಂಟರು ಬಂದು ಅನ್ನ ಕಡಿಮೆಯಾದರೆ "ಮಮ್ಮಿ ಅಡ್ಜಸ್ಟ್ ಮಾಡ್ತಾಳೆ". ಇಂಗ್ಲಿಷ್ ಪದಗಳ ಮೇಲೆ ನನಗೆ ಮುನಿಸಿಲ್ಲ. ರೇಡಿಯೋ ಎಂಬುದೂ ನಮ್ಮ ಪದವೇನಲ್ಲ, ಅದರಲ್ಲೇ ಹೊಟ್ಟೆ ಹೊರೆಯುತ್ತಿದ್ದೇನೆ. ತೊಂದರೆ ಏನೆಂದರೆ ಈ ಅಡ್ಜಸ್ಟ್ ಎಂಬ ಪದಕ್ಕೆ ಅಕ್ಕಿ ಹಿಗ್ಗಿತೋ ಅಮ್ಮ ಕುಗ್ಗಿದಳೋ ಎಂಬ ಭೇದ ತಿಳಿಯುವುದಿಲ್ಲ. ಒದಗಿಸು, ಹೊಟ್ಟೆ ಕಟ್ಟು ಎಂಬ ಎರಡು ಪದ ಬಲ್ಲ ಮಗುವಿಗೆ ಆ ಭೇದ ತಿಳಿಯುತ್ತದೆ. "ಅಮ್ಮ, ಇವತ್ತು ಅನ್ನ ಒದಗಿತಾ, ನೀನು ಕಡಿಮೆ ಹಾಕ್ಕೊಂಡ್ಯಾ?" ಎಂದು ಕೇಳಲು ಆ ಮಗುವಿನ ಹತ್ತಿರ ಮಾತು ಇದೆ. ಮಾತೇ ಇಲ್ಲದ ಮಗು ಕೇಳುವುದು ಹೇಗೆ?

ಊರಿನಿಂದ ದೂರ ಇರುವ ನಾವು ಮಕ್ಕಳಿಗೆ ಕನ್ನಡ ಕಲಿಸುವಾಗ ಬಣ್ಣ, ಪ್ರಾಣಿ, ಹಣ್ಣುಗಳ ಹೆಸರಿನಿಂದ ಶುರುಮಾಡುತ್ತೇವೆ. ಒಳ್ಳೆಯದೇ. ಆದರೆ ಹೆಸರುಗಳಿಗೆ ಬೇರೆ ಭಾಷೆಯಲ್ಲಿ ಹೆಸರು ಸಿಗುತ್ತದೆ. ಇಂಥ ಕ್ರಿಯಾಪದಗಳಿಗೆ ಅಷ್ಟು ಸುಲಭವಾಗಿ ಬದಲಿ ಸಿಗುವುದಿಲ್ಲ. ಇವನ್ನು ಪುಸ್ತಕದಿಂದ ಕಲಿಸಲೂ ಆಗದು. ಅಕ್ಕಿ ಅಳೆಯುವಾಗ, ಹಿಟ್ಟು ಕಲಸುವಾಗ, ಬಕೆಟ್ಟಿನ ನೀರು ಹಂಚುವಾಗ, ಪಕ್ಕದಲ್ಲಿ ಮಗುವನ್ನು ನಿಲ್ಲಿಸಿಕೊಂಡು ಆಡಬೇಕು. ಅಡುಗೆಮನೆಗೆ ಮಗಳನ್ನಷ್ಟೇ ಕರೆಯಬೇಡಿ, ಮಗನನ್ನೂ ಕರೆಯಿರಿ. ಒದಗಿಸುವ ವಿದ್ಯೆ ಇಬ್ಬರಿಗೂ ಬಂದರೆ ಹೊಟ್ಟೆ ಕಟ್ಟುವ ಸರದಿ ಒಬ್ಬರ ಮೇಲೇ ಬೀಳುವುದಿಲ್ಲ.

ಅಂದಹಾಗೆ, ಇವತ್ತು ನಮ್ಮ ಪಾಲಿಗೆ ಸಿಕ್ಕಿರುವ ಸಮಯವೂ ಒಂದು ಪಾವಿನಷ್ಟೇ. ಹಾಡು, ವಾರ್ತೆ, ನಿಮ್ಮ ಕಾಗದ, ಎಲ್ಲಕ್ಕೂ ಅದರಲ್ಲೇ ಒದಗಿಸಬೇಕು. ಆದ್ದರಿಂದ ಒಂದು ಸಣ್ಣ ಕೋರಿಕೆಯೊಂದಿಗೆ ನಿಲ್ಲಿಸುತ್ತೇನೆ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಕನ್ನಡದಲ್ಲಿ, ಸ್ವಲ್ಪವನ್ನು ಹೆಚ್ಚು ಜನಕ್ಕೆ ಬರುವಂತೆ ಮಾಡುವುದಕ್ಕೆ ಯಾವ ಮಾತು ಇದೆ ಎಂದು ಬರೆದು ಕಳಿಸಿ. ಧಾರವಾಡದವರು, ಕುಂದಾಪುರದವರು, ಕಲಬುರಗಿಯವರು, ಎಲ್ಲರೂ ಬರೆಯಿರಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಪ್ರಶ್ನೆಯನ್ನೂ ಕೇಳಿ. ಅನ್ನ ಎಲ್ಲರಿಗೂ ಒದಗಿತೇ? ಅಡುಗೆ ಮಾಡಿದವರ ತಟ್ಟೆಯವರೆಗೂ ಒದಗಿತೇ?